ಲೇಖಕರ ಹೆಸರು ತಿಳಿದಿಲ್ಲ

ಕಳೆದ ತಿಂಗಳು ತಂಗಿಯ ಮಗಳ ಮದುವೆಗೆಂದು ತಂದ ಸೀರೆಯ ಪ್ಲಾಸ್ಟಿಕ್ ಚೀಲವನ್ನು ನನ್ನ ಹೆಂಡತಿ ಬಿಚ್ಚಿದಾಗ ಒಂದು ವಾಸನೆ ಬಂತು. ಹೊಸ ಬಟ್ಟೆಯ ಗಂಜಿ ವಾಸನೆಯಲ್ಲ. ಸೆರಗಿನ ಮೇಲೆ ಸಾಲಾಗಿ ಕೂರಿಸಿದ ಸಣ್ಣ ಹರಳುಗಳ ಕೆಳಗಿನ ಅಂಟಿನದು. ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಮೂಗಿಗಿಂತ ಮೊದಲು ಹಣೆಗೆ ತಾಗುವಂಥದು. ಗಾಳಿಗೆ ಹಾಕಿದರೆ ಹೋಗುತ್ತದೆ ಎಂದು ಆಕೆ ಸೀರೆಯನ್ನು ಬಾಲ್ಕನಿಯ ತಂತಿಗೆ ಹಾಕಿದಳು. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು, ಆ ವಾಸನೆಯನ್ನೂ, ಆ ವಾಸನೆಯ ಜೊತೆಗಿದ್ದ ವೈನಿಯನ್ನೂ ನಾನು ನೆನೆಯದೆ. ನೆನೆಯದಿರಲು ನನಗೆ ಕಾರಣವಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಾನು ಹಾವೇರಿ ಕಡೆಯ ಹುಡುಗ, ಎಂ.ಫಿಲ್. ಮಾಡಲು ಸೂರತ್ ಸೇರಿದ್ದೆ. ಆ ಊರಿನ ಅಡಾಜಣ್‌ನ ನಾಲ್ಕಂತಸ್ತಿನ ಕಟ್ಟಡವೊಂದರಲ್ಲಿ, ಮೇಲಿನ ಮಹಡಿಯ ಒಂದು ಕೋಣೆ ಬಾಡಿಗೆಗೆ ಸಿಕ್ಕಿತ್ತು. ಎರಡನೆಯ ಮಹಡಿಯಲ್ಲಿ ಧಾರವಾಡದ ಒಂದು ಸಂಸಾರವಿತ್ತು. ಯಜಮಾನರು ವಿಮಾ ಕಚೇರಿಯಲ್ಲಿ ಅಧಿಕಾರಿ, ಮೂರು ವರ್ಷಕ್ಕೊಮ್ಮೆ ವರ್ಗವಾಗುವವರು. ಕಟ್ಟಡದ ಕೆಳಗಿನ ಎಸ್.ಟಿ.ಡಿ. ಬೂತಿನಲ್ಲಿ ಅಮ್ಮನ ಜೊತೆ ಕನ್ನಡ ಮಾತಾಡಿ ಹೊರಬಂದವನನ್ನು ಅವರೇ ತಡೆದು, ಯಾವ ಊರು ಏನು ಎಂದು ಕೇಳಿ, ಸೀದಾ ಮನೆಗೆ ಕರೆದೊಯ್ದು ಊಟಕ್ಕೆ ಕೂರಿಸಿದರು. ಅವತ್ತಿನಿಂದ ಅವರು ಅಣ್ಣಾರು, ಅವರ ಹೆಂಡತಿ ವೈನಿ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತೇವೆ. ವಾರಕ್ಕೆ ನಾಲ್ಕು ದಿನವಾದರೂ ನನ್ನ ರಾತ್ರಿಯೂಟ ಅವರಲ್ಲೇ ಆಗುತ್ತಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊರಲ್ಲಿ ನನ್ನಮ್ಮ ಕೂಡ ಅಷ್ಟು ತೆಳ್ಳಗೆ ರೊಟ್ಟಿ ಬಡಿಯುತ್ತಿರಲಿಲ್ಲ. ಇದನ್ನು ಅಮ್ಮನಿಗೆ ಎಂದೂ ಹೇಳಿಲ್ಲ.

ವೈನಿ ಮದುವೆಗೆ ಮುಂಚೆ ಒಂದು ವರ್ಷ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದ್ದರಂತೆ. ಆಮೇಲೆ ವರ್ಗ, ಮಕ್ಕಳು, ಮತ್ತೆ ವರ್ಗ. ಓದಿದ್ದು ಕೈಬಿಟ್ಟು ಹೋಯಿತು ಎಂದು ಅವರು ಹೇಳುತ್ತಿದ್ದರೂ ಅದು ಬಿಟ್ಟಿರಲಿಲ್ಲ. ಮಧ್ಯಾಹ್ನ ಮಕ್ಕಳು ಸ್ಕೂಲಿನಲ್ಲಿರುವಾಗ ಕಟ್ಟಡದ ಹಿಂದಿನ ಸಣ್ಣ ಮನೆಗಳಿಗೆ ಹೋಗಿ ಕೂರುತ್ತಿದ್ದರು. ಅಲ್ಲಿ ಮನೆಮನೆಗೂ ಹೆಂಗಸರು ಸೀರೆಗೆ ಹರಳು ಅಂಟಿಸುವ ಕೆಲಸ ಮಾಡುತ್ತಿದ್ದರು. ಅವರಿಂದ ಗುಜರಾತಿ ಕಲಿತು, ಅವರ ಮಾತನ್ನೆಲ್ಲ ಅಣ್ಣಾರ ಕಚೇರಿಯ ಹಳೆಯ ಡೈರಿಗಳಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದರು. ಯಾರಿಗೆ ಎಷ್ಟು ಹೊತ್ತಿಗೆ ತಲೆನೋವು ಶುರುವಾಗುತ್ತದೆ, ಯಾರು ಮಗುವನ್ನು ಅಂಟಿನ ಡಬ್ಬಿಯಿಂದ ದೂರವಿಡಲು ಸೊಂಟಕ್ಕೆ ಸೀರೆ ಕಟ್ಟಿ ಮಂಚಕ್ಕೆ ಬಿಗಿಯುತ್ತಾರೆ… ಅಂಥವೆಲ್ಲ. ಮನೆಗೆ ಬಂದರೆ ಅವರ ಸೆರಗಿನಲ್ಲೂ ಆ ವಾಸನೆ ಇರುತ್ತಿತ್ತು.

ಆಗ ಬೀದಿಗೊಂದು ಕಂಪ್ಯೂಟರ್ ಕ್ಲಾಸು. ವೈನಿ ಮಗನನ್ನು ಸೇರಿಸಲು ಹೋಗಿ ತಾವೂ ಸೇರಿಬಿಟ್ಟರು. ಕೋರ್ಸಿನ ಕೊನೆಗೆ ಒಬ್ಬೊಬ್ಬರೂ ಪುಕ್ಕಟೆ ಜಾಗ ಕೊಡುವ ಯಾವುದೋ ತಾಣದಲ್ಲಿ ಒಂದು ವೆಬ್ ಪುಟ ಮಾಡಬೇಕಿತ್ತು. ಹುಡುಗರೆಲ್ಲ ಸಿನಿಮಾ ನಟಿಯರ ಪುಟ ಮಾಡಿದರು. ವೈನಿ ಡೈರಿಗಳನ್ನು ಮುಂದಿಟ್ಟುಕೊಂಡು, ಸರಳ ಇಂಗ್ಲಿಷಿನಲ್ಲಿ, ಆ ಹೆಂಗಸರ ಬಗ್ಗೆ ಹನ್ನೆರಡು ಪುಟದಷ್ಟು ಬರೆದು ಏರಿಸಿದರು. ಅದರಲ್ಲೊಂದು ಮಾತು ನನಗೆ ಇವತ್ತಿಗೂ ಬಾಯಿಪಾಠ. "ಮದುವಣಗಿತ್ತಿಯರ ಸೀರೆಗೆ ಹರಳು ಅಂಟಿಸಿ ಅಂಟಿಸಿ ಈಕೆಯ ಬೆರಳಿನ ಗೆರೆಗಳು ಸವೆದಿವೆ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರೆ ಗುರುತು ಮೂಡುವುದಿಲ್ಲ, ಮಸಿಯ ಕಲೆ ಮಾತ್ರ ಬೀಳುತ್ತದೆ." ಪುಟದ ಮೇಲೆ ಎಲ್ಲೂ ವೈನಿಯ ಹೆಸರಿರಲಿಲ್ಲ. ಕೇಳಿದ್ದಕ್ಕೆ, "ಎಲ್ಲಾ ಅವರು ಹೇಳಿದ್ದು, ನಂದೇನು ಹೆಸರ ಹಾಕೋದು" ಎಂದಿದ್ದರು.

ಸೈಬರ್ ಕೆಫೆಯಲ್ಲಿ ಕೂತು ಅದನ್ನು ಓದಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ನಾನು ಮನೆಯಲ್ಲೇ ಕೂತು ಮಾಡುವ ಕೂಲಿಕೆಲಸದ ಬಗ್ಗೆಯೇ ಎಂ.ಫಿಲ್. ಮಾಡುತ್ತಿದ್ದವನು. ವರ್ಷವಿಡೀ ಲೈಬ್ರರಿಯಲ್ಲಿ ಕೂತು ನಾನು ಹೇಳಲಾಗದ್ದನ್ನು ರೊಟ್ಟಿ ಬಡಿಯುವ ಕೈ ಹೇಳಿಬಿಟ್ಟಿತ್ತು. ಅಹಮದಾಬಾದಿನ ಒಂದು ವಿಚಾರ ಸಂಕಿರಣಕ್ಕೆ ನಾನು ಪ್ರಬಂಧ ಕಳಿಸಬೇಕಿತ್ತು. ಆ ಪುಟದಿಂದ ನಾಲ್ಕೈದು ಕಡೆ ತೆಗೆದುಕೊಳ್ಳಲೇ ಎಂದು ವೈನಿಯನ್ನು ಕೇಳಿದೆ. ಅವರು ಹಿಟ್ಟಿನ ಉಂಡೆ ಬದಿಗಿಟ್ಟು ಕೈಯೊರಸಿಕೊಂಡರು.

"ತಗೋ. ಆದ್ರ ನಿನ್ನ ಲೇಖನದಾಗ ನನ್ನ ಹೆಸರ ಹಾಕು ಮತ್ತ. ಅಚ್ಚಿನಾಗ ಒಮ್ಮೆ ನೋಡಬೇಕು ಅನಸ್ತದ."

"ಹಾಕ್ತೀನಿ ವೈನಿ" ಎಂದೆ. ರೊಟ್ಟಿಯ ಮೇಲೆ ಇನ್ನೊಂದು ಚಮಚ ಬೆಣ್ಣೆ ಬಿತ್ತು.

ನನ್ನ ಗೈಡ್ ಗುಜರಾತಿಯವರು, ಬೋಳುತಲೆ, ಬಿಗಿ ಮನುಷ್ಯ. ಇಂಟರ್ನೆಟ್ಟಿನಿಂದ ತೆಗೆದದ್ದಕ್ಕೆ ಬರಿ ವಿಳಾಸ ಬರೆದು ಕೈತೊಳೆದುಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮನ್ನೆಲ್ಲ ನಿಲ್ಲಿಸಿ ಮಗ್ಗಿ ಹೇಳಿಸುವ ಹಾಗೆ ಹೇಳಿಸುತ್ತಿದ್ದರು: ಯಾರು ಬರೆದರು, ಏನೆಂದು ಬರೆದರು, ಎಲ್ಲಿದೆ, ನೀನು ಯಾವತ್ತು ನೋಡಿದೆ. ಪುಸ್ತಕ ನಾಳೆಯೂ ಕಪಾಟಿನಲ್ಲಿರುತ್ತದೆ, ಈ ಪುಟ ಇರುತ್ತದೋ ಇಲ್ಲವೋ, ಹಾಗಾಗಿ ನೋಡಿದ ದಿನಾಂಕ ಬಿಡಬೇಡ ಎನ್ನುತ್ತಿದ್ದರು. ಬರೆದವರ ಹೆಸರು ನಿಜಕ್ಕೂ ಸಿಗದಿದ್ದರೆ ಮಾತ್ರ "ಲೇಖಕರ ಹೆಸರು ತಿಳಿದಿಲ್ಲ" ಎಂದು ಹಾಕಬಹುದು.

ಪ್ರಬಂಧ ಮುಗಿಯಿತು. ಆಕರಗಳ ಪಟ್ಟಿ ಬರೆಯಲು ಕೂತೆ. ವೈನಿಯ ಪುಟದ ಸರದಿ ಬಂದಾಗ ಪೆನ್ನು ನಿಂತಿತು. ನನಗೆ ವೈನಿಯ ಹೆಸರು ಗೊತ್ತಿರಲಿಲ್ಲ.

ನಗಬೇಡಿ. ಒಂದು ವರ್ಷ ಅವರ ಮನೆಯಲ್ಲಿ ಉಂಡಿದ್ದೆ. ಬಾಗಿಲ ಮೇಲಿನ ಫಲಕದಲ್ಲಿ ಅಣ್ಣಾರ ಹೆಸರು. ಫೋನಿನ ಬಿಲ್ಲು, ಗ್ಯಾಸಿನ ಪುಸ್ತಕ, ಕಾಗದಪತ್ರ ಎಲ್ಲ ಅವರದೇ. ಅಣ್ಣಾರು ಹೆಂಡತಿಯನ್ನು ಕರೆಯುವುದು "ಇಲ್ಲಿ ಕೇಳ" ಎಂದು. ಮಕ್ಕಳಿಗೆ ಮಮ್ಮಿ, ಗುಜರಾತಿ ನೆರೆಯವರಿಗೆ ಕನ್ನಡದ ಭಾಭಿ. ನಮ್ಮಲ್ಲಿ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹಾಗಾಗಿ ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ. ಮೊದಲ ವಾರ ಕೇಳಿದ್ದರೆ ಸಹಜವಾಗಿರುತ್ತಿತ್ತು. ವರ್ಷವಾದ ಮೇಲೆ, ಅದೂ ಹಾಕ್ತೀನಿ ಎಂದು ಮಾತು ಕೊಟ್ಟ ಮೇಲೆ, ನಿಮ್ಮ ಹೆಸರೇನು ಎಂದು ಯಾವ ಮುಖದಿಂದ ಕೇಳುವುದು? ಮಗಳನ್ನು ಕೇಳಬಹುದಿತ್ತು, ಆದರೆ ಆ ಪುಟ್ಟಿ "ಮಮ್ಮಿ, ಮಾಮಾ ನಿನ್ನ ಹೆಸರು ಕೇಳ್ತಾನೆ" ಎಂದು ಕೂಗುತ್ತ ಅಡುಗೆಮನೆಗೆ ಓಡುವವಳೇ. ಅವರ ಕಪಾಟಿನ ಪುಸ್ತಕಗಳ ಮೊದಲ ಪುಟವನ್ನು ಕಳ್ಳನ ಹಾಗೆ ತಿರುವಿ ನೋಡಿದೆ. ಎರಡಕ್ಷರದ ಇನಿಷಿಯಲ್ಲು ಮಾತ್ರ ಇತ್ತು.

ಅಷ್ಟರಲ್ಲಿ ಬೇಸಿಗೆ ರಜೆ ಬಂದು ವೈನಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದರು. ಪ್ರಬಂಧದ ಫ್ಲಾಪಿಯನ್ನು ಮರುದಿನವೇ ಅಹಮದಾಬಾದಿಗೆ ಕೊರಿಯರ್ ಮಾಡಬೇಕು. ಅಣ್ಣಾರನ್ನೇ ಕೇಳಿಬಿಡೋಣ ಎಂದು ಇಳಿದು ಹೋದೆ. ಬಾಗಿಲು ತೆರೆದ ಅಣ್ಣಾರು ಬನಿಯನ್ನಿನಲ್ಲಿ ನಿಂತಿದ್ದರು, ಕೈಯಲ್ಲಿ ಉಪ್ಪಿಟ್ಟು ಕೆದಕುವ ಸೌಟು. ಒಬ್ಬ ಗಂಡಸಿನೆದುರು ನಿಂತು ನಿಮ್ಮ ಹೆಂಡತಿಯ ಹೆಸರೇನು ಎನ್ನಲು ನಾಲಗೆ ಏಳಲಿಲ್ಲ. "ಇವತ್ತಿನ ಪೇಪರ್ ಅದ ಏನ್ರಿ?" ಎಂದೆ. ಪೇಪರು ತೆಗೆದುಕೊಂಡು, ಉಪ್ಪಿಟ್ಟೂ ತಿಂದು, ಮೇಲೆ ಬಂದು ಆ ಸಾಲಿನಲ್ಲಿ "ಲೇಖಕರ ಹೆಸರು ತಿಳಿದಿಲ್ಲ" ಎಂದು ಹಾಕಿದೆ. ಮುಂದೆ ಪುಟದ ಶೀರ್ಷಿಕೆ, ಉದ್ದದ ವಿಳಾಸ, ನೋಡಿದ ದಿನಾಂಕ. ಒಂದು ಚುಕ್ಕೆ ತಪ್ಪಿರಲಿಲ್ಲ. ಗೈಡ್ ನೋಡಿ ತಲೆದೂಗಿದರು. ಅಚ್ಚಿಗೆ ಹೋಗುವ ಮುಂಚೆ ಸರಿಮಾಡಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಕಿರಣ ಅಹಮದಾಬಾದಿನ ಅಂಚಿನ ಬೋಪಾಲ್ ಎಂಬಲ್ಲಿ, ಆಗಿನ್ನೂ ಅರ್ಧ ಹೊಲವೇ ಇದ್ದ ಜಾಗದಲ್ಲಿ ನಡೆಯಿತು. ಹೆಬ್ಬೆಟ್ಟಿನ ಮಾತನ್ನು ಓದಿದಾಗ ಸಭೆಯಲ್ಲಿ ಕೆಲವರು ಪೆನ್ನು ತೆಗೆದು ಬರೆದುಕೊಂಡರು. ಚಹಾದ ಹೊತ್ತಿನಲ್ಲಿ ಜನ ಬಂದು ನನ್ನ ಕೈಕುಲುಕಿದರು, ನಾನೂ ಕುಲುಕಿಸಿಕೊಂಡೆ.

ಆರೇಳು ತಿಂಗಳಿಗೆ ಪುಸ್ತಕ ಬಂತು. ಸರಿಮಾಡುವುದು ನನ್ನಿಂದ ಆಗಿರಲಿಲ್ಲ, ಅಷ್ಟೇ ಹೇಳಬಲ್ಲೆ. ಎರಡು ಪ್ರತಿಗಳಲ್ಲಿ ಒಂದನ್ನು ವೈನಿಗೆ ಕೊಟ್ಟೆ. ಅವರು ನಿಂತೇ ತಿರುವಿದರು. ನನ್ನ ಪ್ರಬಂಧ ಸಿಕ್ಕಿತು, ತಮ್ಮ ಮಾತುಗಳು ಸಿಕ್ಕವು, ಮುಖ ಅರಳಿತು. ಆಮೇಲೆ ಕೊನೆಯ ಪುಟಕ್ಕೆ ಹೋದರು. ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಬೆರಳು ಒಂದು ಕಡೆ ನಿಂತಿತು.

"ನನ್ನ ಹೆಸರ ನಿನಗ ಗೊತ್ತಿರಲಿಲ್ಲೇನು ತಮ್ಮಾ?"

ಆಗಲಾದರೂ ಇಲ್ಲ ವೈನಿ ಎನ್ನಬೇಕಿತ್ತು. ಅವರು ನಕ್ಕುಬಿಡುತ್ತಿದ್ದರು. ಹುಚ್ಚ ಎಂದು ತಲೆಗೆ ಮೊಟಕಿ ಹೆಸರು ಹೇಳುತ್ತಿದ್ದರು. ಇದು ನನಗೆ ಈಗ ಗೊತ್ತು. ಆಗ ನಾನು ಹೇಳಿದ್ದು ಇದು: "ಗೊತ್ತದ ವೈನಿ. ಪುಟದಾಗ ಹೆಸರ ಇಲ್ಲದಿದ್ರ ಹಿಂಗ ಹಾಕಬೇಕು ಅಂತ ನಮ್ಮ ಸರ್ ರೂಲ್."

ಅವರು ಬೆರಳು ತೆಗೆದು ಪುಸ್ತಕ ಮುಚ್ಚಿದರು. "ರೂಲ್ ಇದ್ದರ ಇರಲಿ ಬಿಡು. ಛಲೋ ಬರದೀ" ಎಂದು ಪುಸ್ತಕವನ್ನು ಶೋಕೇಸಿನಲ್ಲಿಟ್ಟರು. ಗೊತ್ತಿಲ್ಲ ಎಂಬ ಸಣ್ಣ ದಡ್ಡತನ ಮುಚ್ಚಲು ಹೋಗಿ, ಗೊತ್ತಿದ್ದೂ ಬರೆಯಲಿಲ್ಲ ಎಂಬ ದೊಡ್ಡ ಪಾಪವನ್ನು ನಾನೇ ತಲೆಗೆ ಕಟ್ಟಿಕೊಂಡಿದ್ದೆ. ಗೊತ್ತದ ಎಂದ ಮೇಲೆ ಇನ್ನು ಎಂದೂ ಕೇಳುವಂತಿರಲಿಲ್ಲ.

ಅಣ್ಣಾರಿಗೆ ವಡೋದರಾಕ್ಕೆ ವರ್ಗವಾಯಿತು. ಅದೇ ಹೊತ್ತಿಗೆ ಅಲ್ಲಿನ ಒಂದು ಸಂಸ್ಥೆ ದುಡಿಯುವ ಹೆಂಗಸರ ಅಧ್ಯಯನಕ್ಕೆ ಸಂಶೋಧಕರು ಬೇಕೆಂದು ಜಾಹೀರಾತು ಕೊಟ್ಟಿತ್ತು. ವೈನಿ ಅರ್ಜಿ ಹಾಕಿದರು, ಸಂದರ್ಶನಕ್ಕೆ ಕರೆಯೂ ಬಂತು. ಹದಿನೈದು ವರ್ಷದ ಮೇಲೆ ಮತ್ತೆ ಕೆಲಸ. ಆ ವಾರ ಅವರ ನಡಿಗೆಯೇ ಬೇರೆಯಾಗಿತ್ತು. ತಾವು ಮಾಡಿದ ಕೆಲಸ ತೋರಿಸಬೇಕಿತ್ತು. ವೆಬ್ ಪುಟದ ಮುದ್ರಿತ ಪ್ರತಿ ತೆಗೆಯೋಣ ಎಂದು ಇಬ್ಬರೂ ಸೈಬರ್ ಕೆಫೆಗೆ ಹೋದೆವು. ಪುಟ ತೆರೆಯಲಿಲ್ಲ. ಪುಕ್ಕಟೆ ಜಾಗ ಕೊಟ್ಟವರು ಹಳೆಯ ಪುಟಗಳನ್ನೆಲ್ಲ ತೆಗೆದುಹಾಕಿದ್ದರು. ಕಂಪ್ಯೂಟರ್ ಕ್ಲಾಸಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು, ಅವರ ಬಳಿಯಿದ್ದ ಫ್ಲಾಪಿಯಂತೂ ಕೆಟ್ಟುಹೋಗಿತ್ತು. ಉಳಿದದ್ದು ಕನ್ನಡದ ಡೈರಿಗಳು, ಮತ್ತು ನನ್ನ ಪ್ರಬಂಧ.

"ಒಂದ ಪತ್ರ ಬರದ ಕೊಡು ತಮ್ಮಾ. ಆ ಪುಟ ನಂದು ಅಂತ. ನಿಮ್ಮ ಸರ್ ಒಂದ ಸಹಿ ಹಾಕಿದ್ರ ಆತು."

ಆ ಪತ್ರ ನಾಲ್ಕು ಸಾಲಿನದು. ಆದರೆ ಅದರ ಮೊದಲ ಸಾಲಿಗೇ ಹೆಸರು ಬೇಕು. ಅದಿರಲಿ, ಅಷ್ಟು ಹೊತ್ತಿಗೆ ನನ್ನ ಎಂ.ಫಿಲ್. ವೈವಾ ಹತ್ತಿರವಿತ್ತು. ದಿನಾ ಯಾರ ಮನೆಯಲ್ಲಿ ಉಂಡೆನೋ ಅವರನ್ನೇ ಆಕರದಲ್ಲಿ ತಿಳಿದಿಲ್ಲ ಎಂದು ಬರೆದೆ ಎಂದು ಗೈಡ್ ಮುಂದೆ ಒಪ್ಪಿಕೊಂಡರೆ ಅವರು ಇಡೀ ಎಂ.ಫಿಲ್. ಪ್ರಬಂಧವನ್ನೇ ಮುಖಕ್ಕೆ ಎಸೆಯುತ್ತಾರೆ ಎಂದು ಹೆದರಿದೆ. ಸರ್ ಊರಲ್ಲಿಲ್ಲ ಎಂದೆ ವೈನಿಗೆ. ಸರ್ ಊರಲ್ಲಿದ್ದರು. ಆ ದಿನ ಬೆಳಿಗ್ಗೆಯಷ್ಟೇ ಅವರ ಕೋಣೆಯಲ್ಲಿ ಕೂತು ಬಂದಿದ್ದೆ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ಜಂತೆಗಳನ್ನೇ ಕಿತ್ತುಕೊಂಡು ಹೋದವನು.

ವೈನಿ ಪುಸ್ತಕ ಮತ್ತು ಡೈರಿ ಹಿಡಿದು ವಡೋದರಾಕ್ಕೆ ಹೋಗಿ ಸಂಜೆ ಹಿಂತಿರುಗಿದರು. ಎರಡು ದಿನ ನಾನು ಕೆಳಗಿಳಿಯಲಿಲ್ಲ. ಮೂರನೆಯ ದಿನ ಮಗಳು ಬಂದು ಊಟಕ್ಕೆ ಕರೆದಳು. ಬಡಿಸುತ್ತ ವೈನಿ ತಾವಾಗಿಯೇ ಹೇಳಿದರು. ಸಂದರ್ಶನ ಮಾಡಿದವರು ಡೈರಿ ನೋಡಿ ಇದು ಯಾವ ಲಿಪಿ ಎಂದು ಕೇಳಿ ಪಕ್ಕಕ್ಕಿಟ್ಟರಂತೆ. ಪುಸ್ತಕವನ್ನು ಮಾತ್ರ ಕೊನೆಯ ಪುಟದವರೆಗೆ ನೋಡಿದರಂತೆ.

"ಈ ಹುಡುಗ ನಿಮ್ಮ ಬಿಲ್ಡಿಂಗಿನವನು ಅಂತೀರಿ, ಅವನಽ ತಿಳಿದಿಲ್ಲ ಅಂತ ಬರದಾನಲ್ಲ, ಅಂದ್ರು. ಬ್ಯಾರೆಯವರದು ತಂದು ನಂದು ಅಂತ ಹೇಳಾಕ ಬಂದಾಕಿ ಅನ್ನೋ ಹಂಗ ನೋಡಿದ್ರು… ಹೋಗ್ಲಿ ಬಿಡು. ಸಾರ ಹಾಕಲ್ಯಾ?"

ಹಾಕಿ ಎಂದೆ. ಆ ಸಾರಿನ ರುಚಿ ನೆನಪಿಲ್ಲ. ಅವರು ಎದುರಿಗೆ ಕೂತು, ತಮ್ಮ ತಟ್ಟೆಯ ರೊಟ್ಟಿಯನ್ನು ತುಂಡು ತುಂಡು ಮಾಡುತ್ತಿದ್ದರು, ತಿನ್ನುತ್ತಿರಲಿಲ್ಲ. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅಲ್ಲೇ ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ… ಅದೂ ನನ್ನ ತಪ್ಪನ್ನು ಅವರ ಮೇಲೆ ಹಾಕುವ ಮಾತೇ. ಹದಿನೈದು ದಿನಕ್ಕೆ ಲಾರಿ ಬಂತು. ಕಪಾಟು, ಮಂಚ, ಗ್ಯಾಸ್ ಸಿಲಿಂಡರ್ ಇಳಿಸಲು ಕೈಜೋಡಿಸಿದೆ. ಊಟಕ್ಕೆ ಏನು ಮಾಡುತ್ತೀ ಎಂಬುದೊಂದೇ ವೈನಿಯ ಚಿಂತೆಯಾಗಿತ್ತು. ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟುಹೋದರು. ಆಮೇಲೆ ಎರಡು ಸಲ ಅವರೇ ಫೋನ್ ಮಾಡಿದರು, ನಾನು ಒಮ್ಮೆಯೂ ಮಾಡಲಿಲ್ಲ. ಎಂ.ಫಿಲ್. ಆಯಿತು, ಕೆಲಸವೂ ಸಿಕ್ಕಿತು. ಈಗ ಧಾರವಾಡದಲ್ಲೇ ಮಕ್ಕಳಿಗೆ ಆಕರ ಬರೆಯುವುದನ್ನು ಕಲಿಸುತ್ತೇನೆ. ಯಾರು, ಏನು, ಎಲ್ಲಿ, ಯಾವತ್ತು ನೋಡಿದಿರಿ ಎಂದು ಮಗ್ಗಿ ಹೇಳಿಸುತ್ತೇನೆ.

ಸೀರೆ ಬಿಚ್ಚಿದ ವಾರದಲ್ಲೇ ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಬಂಧದ ಕರಡು ತಂದುಕೊಟ್ಟಳು. ಹೆಬ್ಬೆಟ್ಟಿನ ಮಾತು ಅದರಲ್ಲಿತ್ತು. ಕೆಳಗೆ ನನ್ನ ಹೆಸರು. ಇದು ನನ್ನದಲ್ಲವಲ್ಲ, ಪುಸ್ತಕದಲ್ಲಿ ಬೇರೆ ಆಕರ ಕೊಟ್ಟಿದ್ದೇನಲ್ಲ ಎಂದೆ. "ನೋಡೀನ್ರಿ ಸರ್. ಅಲ್ಲಿ ಹೆಸರಿಲ್ಲ, ಆ ಲಿಂಕೂ ತೆರೀವಲ್ದು. ಎಲ್ಲಾರೂ ನಿಮ್ಮ ಹೆಸರಽ ಹಾಕ್ಯಾರ, ನಾನೂ ಹಾಕಿದೆ" ಎಂದು ಇನ್ನೂ ಮೂರು ಪುಸ್ತಕ ತೋರಿಸಿದಳು. ಮೂರರಲ್ಲೂ ವೈನಿಯ ಮಾತು, ನನ್ನ ಹೆಸರು.

ಅಣ್ಣಾರ ಕಚೇರಿಯ ಹಳಬರೊಬ್ಬರನ್ನು ಹಿಡಿದು ನಂಬರು ಹುಡುಕಿದೆ. ನಿವೃತ್ತರಾಗಿ ವಡೋದರಾದಲ್ಲೇ ಮನೆ ಮಾಡಿದ್ದರು. ನನ್ನ ದನಿ ಗುರುತು ಹಿಡಿದರು. ವೈನಿ ತೀರಿಕೊಂಡು ಮೂರು ವರ್ಷವಾಯಿತೆಂದರು. ಸಕ್ಕರೆ ಕಾಯಿಲೆ, ಕೊನೆಗೆ ಕಿಡ್ನಿ… ನಾನು ಏನೇನೋ ಸಮಾಧಾನದ ಮಾತಾಡಿದೆ. ಕೊನೆಗೆ, ಕಣ್ಣು ಮುಚ್ಚಿ, ಅವರ ಪೂರ್ತಿ ಹೆಸರು ಬೇಕಾಗಿತ್ತು ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ನಿಧಾನವಾಗಿ ಹೇಳಿದರು, ಡಿಗ್ರಿ ಸರ್ಟಿಫಿಕೇಟಿನಲ್ಲಿದ್ದ ತವರಿನ ಹೆಸರನ್ನೂ ಸೇರಿಸಿ. ಬರೆದುಕೊಂಡೆ. ಆ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಇಲ್ಲಿ ಹಾಕಿದರೆ ನನ್ನ ಕಥೆಗೊಂದು ಒಡವೆಯಾಗುತ್ತದೆ ಅಷ್ಟೇ. ಅದು ಇರಬೇಕಾದ ಜಾಗ ಬೇರೆ. ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಆ ಒಂದು ಸಾಲು ಈಗ ಸರಿಯಾಗಿದೆ. ಉಳಿದ ಪುಸ್ತಕಗಳು ಹಾಗೆಯೇ ಇವೆ.

ಫೋನು ಇಡುವ ಮುಂಚೆ ಅಣ್ಣಾರು ಇನ್ನೊಂದು ಮಾತು ಹೇಳಿದರು.

"ನಿನ್ನ ಲೇಖನ ಬಂದಿತ್ತಲ್ಲ, ಆ ಪುಸ್ತಕ ಇನ್ನೂ ಅದ ನೋಡಪಾ ಮನ್ಯಾಗ. ಬಂದವರಿಗೆಲ್ಲಾ ತಗದು ತೋರಸ್ತಿದ್ಲು. ಇದು ನಮ್ಮ ಹುಡುಗ ಬರದದ್ದು, ಎಷ್ಟ ಚಂದ ಬರದಾನ ನೋಡ್ರಿ ಅಂತ ಆ ಹೆಬ್ಬೆಟ್ಟಿಂದು ಓದಿ ಹೇಳ್ತಿದ್ಲು. ಅದು ತನ್ನದು ಅಂತ ಒಬ್ಬರ ಮುಂದೂ ಅನ್ನಲಿಲ್ಲ."